ಮುದಿ ಎತ್ತು ನೆಲ ಹಿಡಿದಾಗ

ನಮ್ಮ ಸೋಮ ಹೋಗಿ ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ವರ್ಷ ಆಯಿತು. ಹಾವೇರಿ ದನದ ಸಂತೆಯ ಮೂಲೆಯಲ್ಲಿ ಹಿಂಗಾಲು ಎತ್ತಿಕೊಂಡು ನಿಂತಿದ್ದ ಕಿಲಾರಿ ಎತ್ತು. ಮುರಿದ ಕಾಲು ಸೊಟ್ಟಗೆ ಕೂಡಿತ್ತು, ಉಳಲು ಬರುತ್ತಿರಲಿಲ್ಲ, ಯಾರಿಗೂ ಬೇಡವಾಗಿತ್ತು. ನಮ್ಮವರು ಉಳ್ಳಾಗಡ್ಡಿ ಬೀಜಕ್ಕೆ ಇಟ್ಟಿದ್ದ ದುಡ್ಡು ಕೊಟ್ಟು, ಟಾಟಾ ಏಸ್‌ನಲ್ಲಿ ಹಾಕಿಕೊಂಡು ಕುಂದಗೋಳ ಹತ್ತಿರದ ನಮ್ಮೂರಿಗೆ ತಂದರು. ಬಂದದ್ದು ಸೋಮವಾರ, ಎತ್ತಿನ ಹೆಗಲಿಗೆ ನೊಗ ಇಡದ ದಿನ. ಅದಕ್ಕೇ ಆ ಹೆಸರು. ಆಗಲೇ ಹಲ್ಲೆಲ್ಲ ಬಂದು ಬಾಯಿಗೂಡಿತ್ತು. ಆಮೇಲೆ ಹನ್ನೊಂದು ವರ್ಷ ಮೇವು ಹಾಕುವ ಗ್ವಾದಲಿ ಮುಂದೆ ಕೂತು ಮೆಲುಕು ಹಾಕಿದ.

ದನ ಸಾಕೋದು ನಮಗ್ಯಾರೂ ಹೇಳಿಕೊಡಬೇಕಿಲ್ಲ. ಕೊನೆಯ ವಾರ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಮೊದಲು ಒಂದು ಕ್ಯಾಲೆಂಡರ್ ನೇತುಹಾಕಿ. ಎತ್ತು ತಾನೇ ಎದ್ದ ದಿನ ಗೆರೆ, ನೀವು ಎಬ್ಬಿಸಿದ ದಿನ ಸೊನ್ನೆ. ಸೊನ್ನೆ ಜಾಸ್ತಿ ಆಗುತ್ತಾ ಬಂದರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮೆಲುಕು ಹಾಕುತ್ತಿದ್ದಾನಾ ನೋಡಿ. ಸೋಮ ಕಣಿಕೆ (ಜೋಳದ ಒಣ ದಂಟು) ಬಿಟ್ಟ, ಶೇಂಗಾ ಹೊಟ್ಟು ಬಿಟ್ಟ, ಆದರೂ ಬೆಲ್ಲ ತಿಂತಾನಲ್ಲ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ. ಬೆಲ್ಲ ಲೆಕ್ಕಕ್ಕಿಲ್ಲ.

ನೆಲ ಹಿಡಿದ ಮೇಲೆ ಹಾಸಿಗೆಯೇ ಮುಖ್ಯ. ಸಿಮೆಂಟ್ ನೆಲ, ಫರಸಿ ಕಲ್ಲು ಬೇಡವೇ ಬೇಡ. ಒಂದು ಗೇಣು ದಪ್ಪ ಭತ್ತದ ಹುಲ್ಲು ಹಾಸಿ. ಜೋಳದ ಕಣಿಕೆ ಚುಚ್ಚುತ್ತದೆ. ಎದೆಯ ಮೇಲೆ ಕೂತಂತೆ ಇರಬೇಕು. ಪೂರ್ತಿ ಮಗ್ಗುಲಾಗಿ ಬಿದ್ದರೆ ಹೊಟ್ಟೆಯ ಗಾಳಿ ತೇಗಿನಲ್ಲಿ ಹೊರಗೆ ಬರುವುದಿಲ್ಲ, ಉಬ್ಬರ ಬರುತ್ತದೆ. ಎರಡೂ ಪಕ್ಕ ಹೊಟ್ಟು ತುಂಬಿದ ಚೀಲ ಒತ್ತುಕೊಡಿ. ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಅದಕ್ಕೆ ನಾಲ್ಕೈದು ಮಂದಿ ಬೇಕು. ಬಾಲ ಹಿಡಿದು ಎಳೆಯುವವರನ್ನು ದೂರ ಇಡಿ.

1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ. ನೋವಿಗೆ ಡೈಕ್ಲೋಫೆನಾಕ್ ಚುಚ್ಚುತ್ತೇನೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಆ ಔಷಧಿ ಇರುವ ಹೆಣ ತಿಂದು ರಣಹದ್ದುಗಳು ಸತ್ತವು, 2006ರಲ್ಲೇ ದನಗಳಿಗೆ ನಿಷೇಧ ಆಗಿದೆ. ಅದರ ಬದಲು ಮೆಲಾಕ್ಸಿಕಾಮ್ ಕೊಡುತ್ತಾರೆ.

ಇನ್ನು ನಾನು ತಪ್ಪಿದ ಜಾಗ. ಇನ್ನು ಏಳುವುದಿಲ್ಲ, ನೋವು ತಪ್ಪಿಸೋಣ ಅಂತ ಡಾಕ್ಟರು ಹೇಳಿದರು. ಅತ್ತೆ ‘ಬಸವಣ್ಣಗ ಸೂಜಿ ಚುಚ್ಚಿಸಿ ಕೊಲ್ಲತೀಯೇನ?’ ಅಂದರು. ನಾನೂ ಹೆದರಿದೆ. ಮೂರು ದಿನ ತಳ್ಳಿದೆ. ಮೂರನೇ ದಿನ ಸೊಂಟದ ಹುಣ್ಣಿನಲ್ಲಿ ಎಲುಬು ಕಂಡಿತು. ಹುಣ್ಣು ತೊಳೆಯುತ್ತಿದ್ದ ಅತ್ತೆಯೇ ‘ಡಾಕ್ಟರಿಗೆ ಫೋನ್ ಹಚ್ಚು’ ಅಂದರು. ಆ ಮೂರು ದಿನ ನನಗಾಗಿ ಇದ್ದವು, ಸೋಮನಿಗಾಗಿ ಅಲ್ಲ. ನೀವು ತಳ್ಳಬೇಡಿ. ಆದರೆ ಇದನ್ನು ಡಾಕ್ಟರೇ ನೋಡಿ, ಡಾಕ್ಟರೇ ಮಾಡಬೇಕು.

ಮೊದಲು ಮಂಪರಿನ ಸೂಜಿ, ಆಮೇಲೆ ನರಕ್ಕೆ ಇನ್ನೊಂದು. ಕಣ್ಣು ಮುಚ್ಚುವುದಿಲ್ಲ, ತೆರೆದೇ ಇರುತ್ತದೆ. ಜೀವ ಹೋದ ಮೇಲೂ ಒಂದೆರಡು ಸಲ ಜೋರಾಗಿ ಉಸಿರು ಎಳೆದಂತೆ ಆಗಬಹುದು. ಇದು ಮೊದಲೇ ಗೊತ್ತಿದ್ದರೆ ನನ್ನ ಮಗ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ತುರಿಸುತ್ತಾ ತಲೆ ಹತ್ತಿರ ಕೂತುಕೊಳ್ಳಿ. ಸೋಮನಿಗೆ ಅದು ಇಷ್ಟ, ಕತ್ತು ಚಾಚಿ ಕೊಡುತ್ತಿದ್ದ. ಅವತ್ತೂ ಚಾಚಿದ.

ಗುಂಡಿ ಮೊದಲೇ ತೋಡಿಸಿಡಿ. ನಮ್ಮದು ಕಪ್ಪು ಮಣ್ಣಿನ ಎರಿ ಹೊಲ, ಮಳೆ ಬಿದ್ದರೆ ಜೆಸಿಬಿ ಹೂತು ನಿಲ್ಲುತ್ತದೆ. ಅದಕ್ಕೇ ರಸ್ತೆ ಪಕ್ಕದ ಮಡ್ಡಿಯಲ್ಲಿ, ಬಾವಿಯಿಂದ ದೂರ, ಆರಡಿ ಆಳ ತೋಡಿಸಿದೆವು. ಸೂಜಿ ಹಾಕಿಸಿದ ದೇಹವನ್ನು ಬಯಲಿಗೆ ಎಸೆಯಬಾರದು, ನಾಯಿ ತಿಂದರೆ ಸಾಯುತ್ತವೆ. ತಾಸೆರಡು ತಾಸಿನಲ್ಲಿ ದೇಹ ಸೆಟೆಯಲು ಶುರುವಾಗುತ್ತದೆ, ಅಷ್ಟರೊಳಗೆ ಕಾಲುಗಳನ್ನು ಕೂತ ಹಾಗೆ ಮಡಚಿ. ಮೂಗುದಾಣ, ಕೊಡಣಸು (ಕೋಡಿನ ತುದಿಯ ಲೋಹದ ಕುಪ್ಪಿಗೆ), ಪ್ಲಾಸ್ಟಿಕ್ ಹಗ್ಗ ತೆಗೆಯಿರಿ. ಉಪ್ಪು ಹಾಕಿ ಮಣ್ಣು ಮುಚ್ಚಿ, ಮೇಲೆ ದಿಬ್ಬದಂತೆ ಏರಿಸಿ. ಒಂದು ಮಳೆಗೇ ಕುಸಿಯುತ್ತದೆ. ಕಲ್ಲು, ಜಾಲಿ ಮುಳ್ಳು ಹೇರಿ.

ಅಂದ ಹಾಗೆ, ದನ ದಿಢೀರ್ ಸತ್ತು ಮೂಗಲ್ಲಿ ರಕ್ತ ಬಂದಿದ್ದರೆ ಇದ್ಯಾವುದೂ ಮಾಡಬೇಡಿ. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಮುಟ್ಟದೆ ಡಾಕ್ಟರಿಗೆ ಹೇಳಿ.

ದೇಹವನ್ನು ಜೊತೆಗಿದ್ದ ದನಕ್ಕೂ ತೋರಿಸಿ. ನಮ್ಮ ಗೌರಿ ಆಕಳನ್ನು ಬಿಚ್ಚಿಬಿಟ್ಟೆವು. ಸೋಮನ ಕಿವಿ ಮೂಸಿತು, ಒಮ್ಮೆ ನೆಕ್ಕಿತು, ಆಮೇಲೆ ಬದುವಿನ ಹುಲ್ಲಿಗೆ ಬಾಯಿ ಹಾಕಿತು. ಅಷ್ಟೇ. ತೋರಿಸದಿದ್ದರೆ ಹುಡುಕುತ್ತಾ ಕೂಗುತ್ತಿತ್ತೇನೋ ಅನ್ನಿಸುತ್ತದೆ.

ಕೊರಳ ಗಂಟೆಯನ್ನು ಮಾತ್ರ ಅವಸರದಲ್ಲಿ ಬೇರೆ ದನಕ್ಕೆ ಕಟ್ಟಬೇಡಿ. ಸುಮ್ನೆ ಇರಲಿ ಅಂತ ಅದೇ ವಾರ ಗೌರಿಗೆ ಕಟ್ಟಿದೆವು. ನಡುರಾತ್ರಿ ಗಂಟೆ ಅಲುಗಿತು. ಮಗ್ಗುಲು ಬದಲಿಸುವ ಹೊತ್ತಾಯಿತು ಅಂತ ಎದ್ದು, ಬ್ಯಾಟರಿ ಹಿಡಿದು ಹಿತ್ತಲಿನ ತನಕ ಹೋಗಿದ್ದೆ.