ಇಪ್ಪತ್ತು ಖಾಲಿ ಸೈಟುಗಳಿಗೆ ಒಟ್ಟಿಗೆ ಬೆಲೆ ಕಟ್ಟುವುದು ಹೇಗೆ?

ಒಂದು ಸೈಟಿನ ಬೆಲೆ ಕೇಳಿಕೊಂಡು ಬಂದು ಅದನ್ನೇ ಇಪ್ಪತ್ತರಿಂದ ಗುಣಿಸಿಬಿಡುವವರನ್ನು ತುಂಬಾ ನೋಡಿದ್ದೇನೆ. ಆ ಲೆಕ್ಕ ನಂಬಿ ಸಾಲ ತೆಗೆದು ಒದ್ದಾಡಿದವರನ್ನೂ ನೋಡಿದ್ದೇನೆ.

ಮೊದಲು ಕಾಗದಪತ್ರ: ಅಳತೆ, ಹಕ್ಕು, ಅಲ್ಲಿ ಏನು ಕಟ್ಟಬಹುದು ಎಂಬ ನಿಯಮ. ಇವು ಸರಿ ಇಲ್ಲದಿದ್ದರೆ ಮುಂದೆ ಹೋಗಲೇಬೇಡಿ.

ಆಮೇಲೆ ಟೇಪು ಹಿಡಿದು ಒಂದೊಂದೇ ಸೈಟು ಸುತ್ತಿ ಬನ್ನಿ, ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೆಯದು. ನಕ್ಷೆಯಲ್ಲಿ ಒಂದೇ ಥರ ಕಾಣುವ ಎರಡು ಸೈಟುಗಳಲ್ಲಿ ಒಂದರ ಹಿಂಬದಿ ಮೂಲೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿರುತ್ತದೆ. ಅದನ್ನು ಎತ್ತರಿಸುವ ಮಣ್ಣಿನ ಖರ್ಚು ಬೆಲೆಯಲ್ಲೇ ಕಳೆಯಬೇಕು, ಅಲ್ವಾ? ಮೂಲೆ ಸೈಟು, ನಡುವಿನವು, ಸೊಟ್ಟ ಆಕಾರದವು ಎಂದು ಗುಂಪು ಮಾಡಿ, ಗುಂಪಿಗೊಂದು ಮಾದರಿ ಸೈಟು ಆರಿಸಿ.

ಈಗ ಹತ್ತಿರದಲ್ಲಿ ಈಚೆಗೆ ನಿಜವಾಗಿ ಮಾರಾಟವಾದ ಮೂರ್ನಾಲ್ಕು ಸೈಟು ಹುಡುಕಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಬೇಡ. ತಿದ್ದಬೇಕಾದ್ದು ಮಾರಾಟವಾದ ಸೈಟಿನ ಬೆಲೆಯನ್ನು: ಅದು ನಿಮ್ಮ ಮಾದರಿ ಸೈಟಿಗಿಂತ ಚೆನ್ನಾಗಿದ್ದರೆ ಕಳೆಯಿರಿ, ಇಲ್ಲದಿದ್ದರೆ ಕೂಡಿಸಿ. ಇಲ್ಲಿ ಉಲ್ಟಾ ಮಾಡುವವರೇ ಜಾಸ್ತಿ. ಸುಮ್ನೆ ಸರಾಸರಿ ತೆಗೆಯಬೇಡಿ, ಕಡಿಮೆ ತಿದ್ದಬೇಕಾದ ಸೈಟನ್ನೇ ಹೆಚ್ಚು ನಂಬಿ. ಆನ್‌ಲೈನ್ ಬೆಲೆ ಕ್ಯಾಲ್ಕುಲೇಟರ್ ಅಂತೂ ಖಾಲಿ ಜಾಗಕ್ಕೆ ಬೇಡವೇ ಬೇಡ, ಆ ನೀರು ನಿಂತ ಮೂಲೆ ಅದಕ್ಕೆ ಗೊತ್ತಾಗುವುದಿಲ್ಲ.

ಎಡವುವುದು ಇದರ ನಂತರ. ಎಲ್ಲಾ ಸೈಟುಗಳನ್ನು ಒಬ್ಬರೇ ಒಮ್ಮೆಗೇ ಕೊಳ್ಳುವುದಾದರೆ ಬಿಡಿ ಬೆಲೆಗಳ ಮೊತ್ತ ಅದರ ಬೆಲೆಯಲ್ಲ, ಏಕೆಂದರೆ ಕೊಂಡವರು ಅವನ್ನು ಮಾರಿ ಮುಗಿಸಲು ವರ್ಷಗಟ್ಟಲೆ ಕಾಯಬೇಕು. ಲೆಕ್ಕ ಹಾಕೋಣ. 20 ಸೈಟು, ತಲಾ 100 ಎಂದಿಟ್ಟುಕೊಳ್ಳಿ, ಒಟ್ಟು 2000. ಅಲ್ಲಿ ವರ್ಷಕ್ಕೆ 5 ಸೈಟು ಹೋಗುವುದಾದರೆ ನಾಲ್ಕು ವರ್ಷ ಬೇಕು. ವರ್ಷಕ್ಕೆ 500 ಬಂದರೂ ಕಮಿಷನ್, ತೆರಿಗೆ, ಕಳೆ ತೆಗೆಸುವುದು ಅಂತ 50 ಹೋಗಿ 450 ಉಳಿಯಿತು ಅನ್ನಿ. ನಾಲ್ಕು ವರ್ಷ ಬಿಟ್ಟು ಬರುವ 450ಕ್ಕೆ ಇವತ್ತು ಅಷ್ಟು ಬೆಲೆ ಇಲ್ಲ. ಹಣಕ್ಕಾಗಿ ಕಾಯುವುದಕ್ಕೆ ವರ್ಷಕ್ಕೆ ಶೇ 12ರ ದರ ಹಿಡಿದು ಮೊದಲ ವರ್ಷದ್ದನ್ನು 1.12ರಿಂದ ಒಮ್ಮೆ, ಎರಡನೆಯದನ್ನು ಎರಡು ಸಲ, ಹೀಗೆ ಭಾಗಿಸುತ್ತಾ ಹೋದರೆ 402, 359, 320, 286 ಬರುತ್ತದೆ. ಒಟ್ಟು 1367. 2000 ಎಲ್ಲಿ, 1367 ಎಲ್ಲಿ!

ಇಡೀ ಲೆಕ್ಕ ನಿಂತಿರುವುದು 'ವರ್ಷಕ್ಕೆ ಎಷ್ಟು' ಎಂಬುದರ ಮೇಲೆ. ಅದನ್ನು ಮಾರುವವರ ಬಾಯಿಂದ ಕೇಳಬೇಡಿ. ಸುತ್ತಮುತ್ತ ಕಳೆದ ಎರಡು ಮೂರು ವರ್ಷದಲ್ಲಿ ಎಷ್ಟು ಸೈಟು ಮಾರಾಟವಾಗಿವೆ, ಪಕ್ಕದಲ್ಲಿ ಇನ್ನೆಷ್ಟು ಖಾಲಿ ಬಿದ್ದಿವೆ ಅಂತ ನೀವೇ ಎಣಿಸಿ. 5ರ ಬದಲು 4 ಹೋದರೂ, ಖರ್ಚನ್ನು ಅದೇ ಶೇ 10ಕ್ಕೆ ಹಿಡಿದರೆ, ಬೆಲೆ 1298ಕ್ಕೆ ಇಳಿಯುತ್ತದೆ. ನಾನಾದರೆ ಎರಡೂ ಲೆಕ್ಕ ಪಕ್ಕಪಕ್ಕ ಬರೆದುಕೊಂಡೇ ಮಾತಿಗೆ ಕೂರುತ್ತೇನೆ.