ಆನ್‌ಫೀಲ್ಡ್‌ನಲ್ಲಿ ಮ್ಯಾಚ್ ನೋಡುವುದು ಹೇಗೆ, ಅಲ್ಲಿನ ಸೀಟಿನ ಲೆಕ್ಕ ಹಾಕುವುದು ಹೇಗೆ

ಮಗಳ ಮನೆಗೆ ಅಂತ ಇಂಗ್ಲೆಂಡಿಗೆ ಬಂದವರು, ಆರು ತಿಂಗಳ ಪ್ರಾಜೆಕ್ಟಿಗೆ ಬೆಂಗಳೂರಿನಿಂದ ಬಂದವರು, ಇಲ್ಲೇ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಲಿವರ್‌ಪೂಲ್ ಮ್ಯಾಚಿಗೆ ಟಿಕೆಟ್ ಸಿಗುತ್ತಾ? ಸಿಗುತ್ತದೆ, ಆದರೆ ತಯಾರಿ ಬೇಕು. ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಸ್ವಂತ ಸ್ಟೇಡಿಯಂ ಆನ್‌ಫೀಲ್ಡ್. ಒಳಗೆ ಹೋದ ಮೇಲೆ ಬರೀ ಆಟ ನೋಡಿ ಬರಬೇಡಿ, ಆ ಸ್ಟೇಡಿಯಂ ಯಾಕೆ ಬೆಳೆಯಿತು, ಬೆಳೆಯಲು ದುಡ್ಡು ಯಾರು ಕೊಡುತ್ತಿದ್ದಾರೆ ಅನ್ನುವುದನ್ನೂ ನೋಡಿ. ಅದು ಕಣ್ಣಿಗೆ ಕಾಣುವ ಹಾಗೇ ಇದೆ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಟಿಕೆಟ್

ಪ್ರೀಮಿಯರ್ ಲೀಗ್, ಅಂದರೆ ಇಂಗ್ಲೆಂಡಿನ ಅತಿ ಮೇಲಿನ ಫುಟ್‌ಬಾಲ್ ಲೀಗ್. ಅದರ ಮ್ಯಾಚಿನ ಟಿಕೆಟ್ ಸಿನಿಮಾ ಟಿಕೆಟ್ ಥರ ಕೌಂಟರಿನಲ್ಲಿ ಸಿಗುವುದಿಲ್ಲ. ಕ್ಲಬ್ಬಿನ ವೆಬ್‌ಸೈಟಿನಲ್ಲಿ ದುಡ್ಡು ಕೊಟ್ಟು ಮೆಂಬರ್ ಆಗಬೇಕು, ಆಮೇಲೆ ಲಾಟರಿಗೆ ಹೆಸರು ಕೊಡಬೇಕು, ಹೆಸರು ಬಂದರೆ ಟಿಕೆಟ್ ಕೊಳ್ಳುವ ಅವಕಾಶ ಸಿಗುತ್ತದೆ. ಸೀಸನ್ ಶುರುವಾಗುವ ಮೊದಲೇ, ಬೇಸಿಗೆಯಲ್ಲೇ ಇದರ ಕಡೆ ಗಮನ ಇಡಿ. ಡಿಸೆಂಬರಿನಲ್ಲಿ ಅಪ್ಪ ಅಮ್ಮ ಬರುತ್ತಾರೆ ಅಂತ ನವೆಂಬರಿನಲ್ಲಿ ಎದ್ದರೆ ತಡವಾಯಿತು. ಟಿಕೆಟ್ ಬರುವುದು ನಿಮ್ಮ ಫೋನಿಗೆ, ಗೇಟಿನಲ್ಲಿ ಫೋನ್ ತಾಗಿಸಿ ಒಳಗೆ ಹೋಗಬೇಕು. ಬ್ಯಾಟರಿ ತುಂಬಿಸಿಕೊಂಡು ಹೋಗಿ.

ಇಲ್ಲಿ ನನ್ನ ಕಥೆ ಒಂದಿದೆ. ಬಂದ ಮೊದಲ ವರ್ಷ ಮೆಂಬರ್‌ಶಿಪ್ಪಿನ ತಲೆನೋವೇ ಬೇಡ ಅಂತ ಒಂದು ಮರುಮಾರಾಟದ ವೆಬ್‌ಸೈಟಿನಲ್ಲಿ ಎರಡು ಟಿಕೆಟ್ ತಗೊಂಡೆ. ನಿಜವಾದ ಬೆಲೆಗಿಂತ ನಾಲ್ಕು ಪಟ್ಟು ಜಾಸ್ತಿ ಕೊಟ್ಟಿದ್ದೆ. ಬೇರೆ ಯಾರದೋ ಹೆಸರಿನ ಪಾಸ್ ಫೋನಿಗೆ ಬಂತು, ಗೇಟಿನಲ್ಲಿ ಕೆಂಪು ದೀಪ ಹತ್ತಿತು, ಅಷ್ಟೇ. ಹೊರಗೆ ನಿಂತು ಒಳಗಿನ ಕೂಗು ಕೇಳಿಸಿಕೊಂಡು ವಾಪಸ್ ಬಂದೆ, ದುಡ್ಡೂ ಬರಲಿಲ್ಲ. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು ಅಪರಾಧ, 1994ರಿಂದಲೂ ಆ ಕಾನೂನಿದೆ. ಆದ್ದರಿಂದ ದಾರಿ ಎರಡೇ. ಒಂದು ಮೆಂಬರ್‌ಶಿಪ್, ಇನ್ನೊಂದು ಕ್ಲಬ್ ತಾನೇ ಮಾರುವ ಹಾಸ್ಪಿಟಾಲಿಟಿ ಟಿಕೆಟ್. ಎರಡನೆಯದು ಊಟ, ಲಾಂಜ್ ಎಲ್ಲ ಸೇರಿ ಬಹಳ ದುಬಾರಿ. ಆದರೆ ಅಪ್ಪ ಅಮ್ಮ ಜೀವನದಲ್ಲಿ ಒಂದೇ ಸಲ ಬರುತ್ತಿದ್ದಾರೆ, ಲಾಟರಿ ನಂಬಲು ಆಗುವುದಿಲ್ಲ ಅಂದರೆ ಅದೇ ಸರಿ.

ಇನ್ನೊಂದು ಎಚ್ಚರಿಕೆ. ಟೀವಿಯವರು ಮ್ಯಾಚಿನ ದಿನ, ಸಮಯ ಬದಲಿಸುತ್ತಾರೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಅಂತ ಪಟ್ಟಿಯಲ್ಲಿ ಇದ್ದದ್ದು ಭಾನುವಾರ ನಾಲ್ಕೂವರೆಗೆ ಹೋಗಬಹುದು. ಟೀವಿ ಪಟ್ಟಿ ಬರುವ ತನಕ ಕ್ಯಾನ್ಸಲ್ ಮಾಡಲಾಗದ ರೈಲು, ಹೋಟೆಲ್ ಬುಕ್ ಮಾಡಬೇಡಿ. ಅಂದ ಹಾಗೆ, ಶನಿವಾರ ಮೂರು ಗಂಟೆಯ ಮ್ಯಾಚನ್ನು ಇಲ್ಲಿನ ಟೀವಿಯಲ್ಲಿ ನೇರವಾಗಿ ತೋರಿಸುವುದೇ ಇಲ್ಲ, ಜನ ಸ್ಟೇಡಿಯಂಗೆ ಬರಲಿ ಅಂತ ಹಳೆಯ ಕಟ್ಟುಪಾಡು. ದಾವಣಗೆರೆಯಲ್ಲಿ ಕೂತ ನನ್ನ ತಮ್ಮ ಚಳಿಗಾಲದಲ್ಲಿ ರಾತ್ರಿ ಎಂಟೂವರೆಗೆ ಆರಾಮಾಗಿ ನೋಡುತ್ತಾನೆ.

ಎರಡು ಗಂಟೆ ಮುಂಚೆ ಹೋಗಿ

ಲೈಮ್ ಸ್ಟ್ರೀಟ್ ಸ್ಟೇಷನ್ನಿನಿಂದ ಆನ್‌ಫೀಲ್ಡ್ ಮೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಕ್ವೀನ್ ಸ್ಕ್ವೇರ್‌ನಿಂದ 17ನೇ ನಂಬರ್ ಬಸ್ ಇದೆ, ಮ್ಯಾಚಿನ ದಿನ ಸ್ಯಾಂಡ್‌ಹಿಲ್ಸ್ ಸ್ಟೇಷನ್ನಿನಿಂದ ಸಾಕರ್‌ಬಸ್ ಬಿಡುತ್ತಾರೆ. ಕಾಲಲ್ಲಿ ಶಕ್ತಿ ಇದ್ದರೆ ನಡೆಯಿರಿ. ಕಾರು ಬೇಡವೇ ಬೇಡ, ಸುತ್ತಲಿನ ಬೀದಿಗಳಲ್ಲಿ ಮ್ಯಾಚಿನ ದಿನ ಪಾರ್ಕಿಂಗ್ ಅಲ್ಲಿನ ನಿವಾಸಿಗಳಿಗೆ ಮಾತ್ರ.

ಒಂದು ಬೇಳೆ ಡಬ್ಬಿಯೋ ಪಾಸ್ತಾ ಪ್ಯಾಕೆಟ್ಟೋ ಕೈಯಲ್ಲಿರಲಿ. ಸ್ಟೇಡಿಯಂ ಹೊರಗೆ ಅಭಿಮಾನಿಗಳೇ ಬಡವರಿಗೆ ಅಂತ ದಿನಸಿ ಸಂಗ್ರಹಿಸುತ್ತಾರೆ. 2015ರಲ್ಲಿ ಲಿವರ್‌ಪೂಲ್ ಮತ್ತು ಅದೇ ಊರಿನ ಇನ್ನೊಂದು ಕ್ಲಬ್ ಎವರ್ಟನ್ ಅಭಿಮಾನಿಗಳು ಸೇರಿ ಶುರು ಮಾಡಿದ ಕೆಲಸ ಇದು. ಮೈದಾನದಲ್ಲಿ ಹಾವು ಮುಂಗುಸಿ, ಇಲ್ಲಿ ಮಾತ್ರ ಒಂದೇ ವ್ಯಾನ್. ಮೇನ್ ಸ್ಟ್ಯಾಂಡ್ ಹತ್ತಿರ ಹಿಲ್ಸ್‌ಬರೋ ಸ್ಮಾರಕವಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಆದ ನೂಕುನುಗ್ಗಲಿನಲ್ಲಿ ಸತ್ತ 97 ಲಿವರ್‌ಪೂಲ್ ಅಭಿಮಾನಿಗಳ ಹೆಸರು, ವಯಸ್ಸು ಅಲ್ಲಿವೆ. ಅಲ್ಲಿ ಸೆಲ್ಫಿ ತೆಗೆಯಬೇಡಿ, ಸುಮ್ನೆ ನಿಂತು ಓದಿ. ಆ ದುರಂತದ ಮೇಲಿನ ಟೇಲರ್ ವರದಿಯಿಂದಲೇ ಇಂಗ್ಲೆಂಡಿನ ದೊಡ್ಡ ಸ್ಟೇಡಿಯಂಗಳಲ್ಲಿ ಎಲ್ಲರಿಗೂ ಸೀಟು ಕಡ್ಡಾಯವಾಯಿತು. ನಿಂತು ನೋಡುವ ಜಾಗ ಹೋಯಿತು, ಹಿಡಿಸುವ ಜನ ಕಡಿಮೆಯಾದರು, ಟಿಕೆಟ್ ಬೆಲೆ ಏರುತ್ತಾ ಹೋಯಿತು. ಈಗ ನಡೆಯುತ್ತಿರುವ ವಿಸ್ತರಣೆಗಳ ಬೇರು ಒಂದಿಷ್ಟು ಅಲ್ಲಿದೆ.

ತಿನ್ನಲು, ಓಕ್‌ಫೀಲ್ಡ್ ರಸ್ತೆಯಲ್ಲಿ ಹೋಮ್‌ಬೇಕ್ಡ್ ಅನ್ನುವ ಬೇಕರಿ ಇದೆ, ಬಡಾವಣೆಯ ಜನರೇ ಸಹಕಾರಿಯಾಗಿ ನಡೆಸುವುದು. ಸ್ಕೌಸ್ ಪೈ ಅಂದರೆ ಮಾಂಸದ್ದು, ದನದ ಮಾಂಸವೂ ಇರಬಹುದು, ಸಸ್ಯಾಹಾರಿಗಳು ಕೇಳಿಯೇ ತಗೊಳ್ಳಿ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಬಿಯರ್ ಸಿಗುತ್ತದೆ, ಆದರೆ ಸೀಟಿಗೆ ಒಯ್ಯುವಂತಿಲ್ಲ, ಮೈದಾನ ಕಾಣುವ ಜಾಗದಲ್ಲಿ ಕುಡಿಯಬಾರದು ಅಂತ 1985ರಿಂದ ಕಾನೂನು.

ಕೂತ ಮೇಲೆ ಎದುರು ನೋಡಿ

ಅಪ್ಪನನ್ನು ಕರೆದುಕೊಂಡು ಹೋದಾಗ ನಮಗೆ ಸಿಕ್ಕಿದ್ದು ಕೆನ್ನಿ ಡಾಲ್‌ಗ್ಲಿಶ್ ಸ್ಟ್ಯಾಂಡ್. ಎದುರಿಗೆ ಮೇನ್ ಸ್ಟ್ಯಾಂಡ್, ಮೂರು ಅಂತಸ್ತು, ನೋಡಿದರೆ ಕತ್ತು ನೋಯಬೇಕು. ಹಾಫ್ ಟೈಮ್ ಮುಗಿದು ಆಟ ಶುರುವಾಯಿತು, ಎಡಗಡೆ ಕಾಪ್ ಅನ್ನುವ ಕಟ್ಟಾ ಅಭಿಮಾನಿಗಳ ಸ್ಟ್ಯಾಂಡಿನಲ್ಲಿ ಜನ ನಿಂತು ಹಾಡುತ್ತಿದ್ದಾರೆ, ಆದರೆ ಎದುರಿನ ಮಧ್ಯದ ಅಂತಸ್ತಿನಲ್ಲಿ ಒಂದು ಪಟ್ಟಿ ಪೂರ್ತಿ ಖಾಲಿ ಕೆಂಪು ಸೀಟು. ಅಪ್ಪ ಭುಜ ಮುಟ್ಟಿ ಕೇಳಿದರು, “ಅಲ್ಲಿದ್ದೋರೆಲ್ಲ ಎಲ್ಲಿಗೆ ಹೋದ್ರೋ? ಟಿಕೆಟ್ ಸಿಗಲ್ಲ ಅಂದಿದ್ದೆ?” ಅವರೆಲ್ಲ ಹಿಂದಿನ ಗಾಜಿನ ಲಾಂಜಿನಲ್ಲಿ ಇನ್ನೂ ಕಾಫಿ ಕುಡಿಯುತ್ತಿದ್ದರು. ಐದಾರು ನಿಮಿಷ ಕಳೆದ ಮೇಲೆ ಒಬ್ಬೊಬ್ಬರಾಗಿ ಬಂದು ಕೂತರು. ಆ ಸೀಟುಗಳೇ ಹಾಸ್ಪಿಟಾಲಿಟಿ. ಸ್ಟೇಡಿಯಂ ದೊಡ್ಡದು ಮಾಡಬೇಕೋ ಬೇಡವೋ ಅನ್ನುವ ತೀರ್ಮಾನ ನಿಂತಿರುವುದು ಬಹುಪಾಲು ಆ ಸೀಟುಗಳ ಮೇಲೆ.

ಇದನ್ನು ನೀವೇ ಲೆಕ್ಕ ಹಾಕಬಹುದು. ಬಲಗಡೆಯ ಆನ್‌ಫೀಲ್ಡ್ ರೋಡ್ ಸ್ಟ್ಯಾಂಡನ್ನೇ ತಗೊಳ್ಳಿ. ಸುಮಾರು 8 ಕೋಟಿ ಪೌಂಡ್ ಖರ್ಚಿನಲ್ಲಿ ಸುಮಾರು 7,000 ಸೀಟು ಸೇರಿಸಿದರು. ಅದರಲ್ಲಿ 5,200 ಸಾಮಾನ್ಯ ಸೀಟು, 1,800 ಲಾಂಜ್ ಸೀಟು. ಈಗ ಸಾಮಾನ್ಯ ಟಿಕೆಟಿಗೆ 50 ಪೌಂಡ್, ಲಾಂಜಿಗೆ 250 ಪೌಂಡ್ ಅಂತ ನಾವೇ ಇಟ್ಟುಕೊಳ್ಳೋಣ, ಸುಮ್ನೆ ಅಂದಾಜಿಗೆ. ಒಂದು ಮ್ಯಾಚಿಗೆ ಸಾಮಾನ್ಯ ಸೀಟಿನಿಂದ 2.6 ಲಕ್ಷ ಪೌಂಡ್, ಲಾಂಜಿನಿಂದ 4.5 ಲಕ್ಷ. ನಾಲ್ಕನೇ ಒಂದು ಭಾಗ ಸೀಟು ದುಡ್ಡಿನ ಅರ್ಧಕ್ಕಿಂತ ಜಾಸ್ತಿ ತರುತ್ತಿದೆ, ಅಲ್ವಾ? ಲೀಗಿನಲ್ಲಿ ಸ್ವಂತ ಮೈದಾನದ 19 ಮ್ಯಾಚು, ಕಪ್ ಮತ್ತು ಯುರೋಪಿನ ಮ್ಯಾಚು ಸೇರಿ ವರ್ಷಕ್ಕೆ 25 ಅಂದುಕೊಂಡರೆ ಸುಮಾರು 1.78 ಕೋಟಿ ಪೌಂಡ್. ಅದರಲ್ಲಿ 20% ವ್ಯಾಟ್ ಸರ್ಕಾರಕ್ಕೆ ಹೋಗುತ್ತದೆ, ಉಳಿಯುವುದು 1.48 ಕೋಟಿ. ಹಾಕಿದ ದುಡ್ಡು ಬರಲು ಐದೂವರೆ ವರ್ಷ, ಬಡ್ಡಿ, ಸಿಬ್ಬಂದಿ, ಪೊಲೀಸ್, ಸ್ವಚ್ಛತೆಯ ಖರ್ಚು ಸೇರಿಸಿದರೆ ಇನ್ನೂ ಜಾಸ್ತಿ. ಲಾಂಜ್ ಸೀಟನ್ನೂ 50 ಪೌಂಡಿಗೇ ಮಾರಿದರೆ? ಅದೇ ಲೆಕ್ಕ ಹನ್ನೊಂದು ವರ್ಷ ಆಗುತ್ತದೆ. ಯಾವ ಸ್ಟೇಡಿಯಂಗಾದರೂ ಹೀಗೇ ಮಾಡಿ. ಮೊದಲು ಹೊಸ ಸೀಟು ಎಷ್ಟು, ಆಮೇಲೆ ಅದರಲ್ಲಿ ಗಾಜಿನ ಹಿಂದಿನವು ಎಷ್ಟು, ಕೊನೆಗೆ ವರ್ಷಕ್ಕೆ ಎಷ್ಟು ಮ್ಯಾಚು.

ಹೊಸ ಸೀಟೊಂದಕ್ಕೆ ಬಿದ್ದ ಖರ್ಚನ್ನು ಬೇರೆ ಕ್ಲಬ್‌ಗಳ ಜೊತೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟ. ಆನ್‌ಫೀಲ್ಡ್ ರೋಡಿನಲ್ಲಿ ಒಂದು ಸೀಟಿಗೆ ಸುಮಾರು 11,400 ಪೌಂಡ್. 2016ರಲ್ಲಿ ಮುಗಿದ ಮೇನ್ ಸ್ಟ್ಯಾಂಡಿನಲ್ಲಿ 8,500 ಸೀಟಿಗೆ ಸುಮಾರು 11 ಕೋಟಿ, ಅಂದರೆ ಸೀಟಿಗೆ 13,000. ಟಾಟನ್‌ಹ್ಯಾಮ್‌ನವರು ಸುಮಾರು 36,000 ಸೀಟಿನ ಹಳೆಯದನ್ನು ಕೆಡವಿ 62,850 ಸೀಟಿನ ಹೊಸದು ಕಟ್ಟಿದರು, 2019ರಲ್ಲಿ ತೆರೆಯಿತು, ಖರ್ಚು ಸುಮಾರು 100 ಕೋಟಿ ಪೌಂಡ್. ಹೆಚ್ಚಾದ ಸೀಟುಗಳ ಮೇಲೆ ಹಂಚಿದರೆ ಒಂದಕ್ಕೆ 37,000 ಹತ್ತಿರ! ಬರೀ ಫುಟ್‌ಬಾಲಿನಿಂದ ಅದು ಹುಟ್ಟುವುದಿಲ್ಲ. ಅದಕ್ಕೇ ಹುಲ್ಲಿನ ಮೈದಾನ ಮೂರು ತುಂಡಾಗಿ ಸ್ಟ್ಯಾಂಡಿನ ಕೆಳಗೆ ಸರಿಯುತ್ತದೆ, ಅದರ ಅಡಿಯಲ್ಲಿ ಅಮೆರಿಕನ್ ಫುಟ್‌ಬಾಲಿಗೆ ಬೇರೆ ನೆಲ ಇದೆ, ಬೇಸಿಗೆಯಲ್ಲಿ ಸಂಗೀತ ಕಾರ್ಯಕ್ರಮ. ಆರ್ಸೆನಲ್ 2006ರಲ್ಲಿ ಹೊಸ ಮನೆಗೆ ಹೋಯಿತು. ಅಲ್ಲಿಂದ ಸಾಲ ತೀರಿಸುತ್ತಾ, ಒಳ್ಳೆಯ ಆಟಗಾರರನ್ನು ಮಾರುತ್ತಾ, 2014ರ ತನಕ ಒಂದು ದೊಡ್ಡ ಕಪ್ಪೂ ಗೆಲ್ಲಲಿಲ್ಲ. ಇದ್ದಲ್ಲೇ ಒಂದೊಂದೇ ಸ್ಟ್ಯಾಂಡ್ ಬೆಳೆಸಿದ್ದು ಲಿವರ್‌ಪೂಲ್ ಮಾಡಿದ ಜಾಣ ಕೆಲಸ ಅಂತ ನನ್ನ ಗಟ್ಟಿ ಅಭಿಪ್ರಾಯ. ಹಳೆಯ ಸ್ಟ್ಯಾಂಡಿನಲ್ಲಿ ಮ್ಯಾಚ್ ನಡೆಯುತ್ತಲೇ ಹಿಂದೆ ಹೊಸ ಉಕ್ಕಿನ ಚೌಕಟ್ಟು ಎದ್ದಿತು, ಟಿಕೆಟಿನ ದುಡ್ಡು ನಿಲ್ಲಲಿಲ್ಲ.

ಆದರೂ ಸಲೀಸಾಗಿ ಆಗಲಿಲ್ಲ. 2023ರಲ್ಲಿ ಆನ್‌ಫೀಲ್ಡ್ ರೋಡ್ ಸ್ಟ್ಯಾಂಡ್ ಕಟ್ಟುತ್ತಿದ್ದ ಗುತ್ತಿಗೆ ಕಂಪನಿ ದಿವಾಳಿಯಾಗಿ ಕೆಲಸ ನಿಂತಿತು, ಮೇಲಿನ ಅಂತಸ್ತು ಪೂರ್ತಿ ತೆರೆಯಲು ತಿಂಗಳುಗಟ್ಟಲೆ ತಡವಾಯಿತು. ಸೀಟು ಇದೆ, ಮಾರಲು ಆಗುವುದಿಲ್ಲ, ಅದರ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇನ್ ಸ್ಟ್ಯಾಂಡ್ ಹಿಂದಿನ ಲೋಥೇರ್ ರಸ್ತೆಯ ಸಾಲುಮನೆಗಳು ವರ್ಷಾನುಗಟ್ಟಲೆ ಬೀಗ ಹಾಕಿಕೊಂಡು ಖಾಲಿ ಬಿದ್ದಿದ್ದವು, ಆಮೇಲೆ ಕೆಡವಿದರು. ಅದಕ್ಕೆ ಅಲ್ಲಿನ ಜನ ತೆತ್ತ ಬೆಲೆ ಯಾವ ಲೆಕ್ಕಪತ್ರದಲ್ಲೂ ಇಲ್ಲ.

ಲೆಕ್ಕಪತ್ರ ಬೇಕಾದರೆ ಮನೆಗೆ ಬಂದು, ಬ್ರಿಟನ್ನಿನ ಕಂಪನಿಗಳ ದಾಖಲೆ ಇಡುವ ಸರ್ಕಾರಿ ಕಚೇರಿ ಕಂಪನೀಸ್ ಹೌಸ್ ವೆಬ್‌ಸೈಟಿನಲ್ಲಿ ಕ್ಲಬ್ಬಿನ ಹೆಸರು ಹುಡುಕಿ, ಪುಕ್ಕಟೆ ಸಿಗುತ್ತದೆ. ಆದಾಯದ ಮೂರು ಸಾಲು ಸಾಕು: ಟೀವಿ, ಜಾಹೀರಾತು ಮತ್ತು ಪ್ರಾಯೋಜಕರು, ಮ್ಯಾಚಿನ ದಿನ. 2023-24ರಲ್ಲಿ ಲಿವರ್‌ಪೂಲಿನ ಒಟ್ಟು ಆದಾಯ 61.4 ಕೋಟಿ ಪೌಂಡ್. ಮ್ಯಾಚಿನ ದಿನದ್ದು 10.2 ಕೋಟಿ, ಹಿಂದಿನ ವರ್ಷಕ್ಕಿಂತ 2.2 ಕೋಟಿ ಜಾಸ್ತಿ. ಅದೇ ವರ್ಷ ಟೀವಿ ದುಡ್ಡು 3.8 ಕೋಟಿ ಕಡಿಮೆಯಾಗಿತ್ತು, ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ನಲ್ಲಿ ತಂಡ ಇರಲಿಲ್ಲವಲ್ಲ. ತಂಡ ಎಡವಿದ ವರ್ಷ ಟೀವಿ ಕೈಕೊಡುತ್ತದೆ, ತುಂಬಿದ ಸ್ಟ್ಯಾಂಡ್ ಕೈಹಿಡಿಯುತ್ತದೆ. ಮಾಲೀಕರಿಗೆ ಇಟ್ಟಿಗೆ, ಉಕ್ಕಿನ ಮೇಲೆ ಪ್ರೀತಿ ಬರುವುದು ಇದಕ್ಕೇ.

ಬೆಲೆ ಏರಿದಾಗ

ಇಲ್ಲಿನ ಅಭಿಮಾನಿಗಳು ಈ ಲೆಕ್ಕವನ್ನು ಚೆನ್ನಾಗಿ ಬಲ್ಲರು. 2016ರ ಫೆಬ್ರವರಿಯಲ್ಲಿ ಹೊಸ ಮೇನ್ ಸ್ಟ್ಯಾಂಡಿಗೆ 77 ಪೌಂಡಿನ ಟಿಕೆಟ್ ಅಂತ ಕ್ಲಬ್ ಹೇಳಿತು. ಸಂಡರ್‌ಲ್ಯಾಂಡ್ ವಿರುದ್ಧದ ಮ್ಯಾಚಿನಲ್ಲಿ ತಂಡ 2-0 ಮುಂದಿತ್ತು, ಸರಿಯಾಗಿ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಗೆ ನಡೆದರು. ಪಂದ್ಯ 2-2 ಆಯಿತು. ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಆ ಬೆಲೆ ಕೈಬಿಟ್ಟರು. 2024ರ ಏಪ್ರಿಲ್‌ನಲ್ಲಿ ಮತ್ತೆ ಬೆಲೆ ಏರಿದಾಗ, ಇಟಲಿಯ ಅಟಲಾಂಟಾ ತಂಡದ ವಿರುದ್ಧದ ಮ್ಯಾಚಿನ ರಾತ್ರಿ ಪ್ರತಿಭಟನೆಗೆ ಅಂತ ಕಾಪ್‌ನಲ್ಲಿ ಒಂದೂ ಬಾವುಟ ಹಾರಲಿಲ್ಲ. ಲಾಂಜಿನವರು ಅಷ್ಟೊಂದು ದುಡ್ಡು ಕೊಡುವುದು ಕಾಪ್‌ನ ಆ ಬಾವುಟ, ಆ ಹಾಡು ಕೇಳಲಿಕ್ಕೇ ತಾನೇ? ಹಾಡುವವರನ್ನು ಬೆಲೆ ಏರಿಸಿ ಓಡಿಸಿದರೆ ಲಾಂಜಿನಲ್ಲಿ ಮಾರಲು ಏನೂ ಉಳಿಯುವುದಿಲ್ಲ. ನಮ್ಮ ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನುವ ಅಭಿಮಾನಿಗಳ ಗುಂಪಿನ ಪಕ್ಕ ಕೂತು ಬೆಂಗಳೂರು ಎಫ್‌ಸಿ ಮ್ಯಾಚ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಸಂದರ್ಶಕರು ಅನ್ನುವುದನ್ನೂ ಮರೆಯಬೇಡಿ. ಎದುರಾಳಿ ತಂಡದ ಶರ್ಟ್ ಹಾಕಬೇಡಿ. ಆಟ ಶುರುವಾಗುವ ಮುಂಚೆ ಎಲ್ಲರೂ ಸ್ಕಾರ್ಫ್ ಎತ್ತಿ ಹಾಡುವಾಗ ಪೂರ್ತಿ ಫೋನಿನಲ್ಲೇ ನೋಡಬೇಡಿ, ಅರ್ಧ ನಿಮಿಷ ವಿಡಿಯೋ ಮಾಡಿ ಜೇಬಿಗೆ ಹಾಕಿ. ಕಾಪ್‌ನಲ್ಲಿ ಸೀಟು ಸಿಕ್ಕರೆ ತೊಂಬತ್ತು ನಿಮಿಷ ನಿಲ್ಲಲು ತಯಾರಿರಿ, ವಯಸ್ಸಾದವರಿದ್ದರೆ ಬೇರೆ ಸ್ಟ್ಯಾಂಡ್ ಆರಿಸಿ. ಡಿಸೆಂಬರಿನಲ್ಲಿ ಎರಡು ಜೊತೆ ಸಾಕ್ಸ್.

ಟಿಕೆಟ್ ಸಿಗದಿದ್ದರೆ ಮ್ಯಾಚಿಲ್ಲದ ದಿನ ಸ್ಟೇಡಿಯಂ ಟೂರ್ ಮಾಡಿ, ಮೇನ್ ಸ್ಟ್ಯಾಂಡ್ ತುದಿಯಿಂದ ಊರೇ ಕಾಣುತ್ತದೆ. ನಿಜವಾದ ಮ್ಯಾಚೇ ಬೇಕು ಅಂದರೆ ಮರ್ಸಿ ನದಿಯಾಚೆ ಬರ್ಕನ್‌ಹೆಡ್‌ನಲ್ಲಿ ಟ್ರಾನ್‌ಮೀರ್ ರೋವರ್ಸ್ ಆಡುತ್ತದೆ, ಅಲ್ಲಿ ಟಿಕೆಟ್ ಸುಲಭ.

ಮ್ಯಾಚ್ ಮುಗಿದ ಕೂಡಲೇ ಬಸ್ಸಿಗೆ ಓಡಬೇಡಿ, ಮುಕ್ಕಾಲು ಗಂಟೆ ಕ್ಯೂ ಇರುತ್ತದೆ. ಬೆಳಕಿದ್ದರೆ ಸ್ಟ್ಯಾನ್ಲಿ ಪಾರ್ಕ್ ದಾಟಿ ಗುಡಿಸನ್ ಪಾರ್ಕ್ ತನಕ ನಡೆಯಿರಿ, ಹತ್ತು ಹದಿನೈದು ನಿಮಿಷ. ಆನ್‌ಫೀಲ್ಡ್‌ನಲ್ಲಿ ಮೊದಲು ಆಡುತ್ತಿದ್ದುದು ಎವರ್ಟನ್, ಜಾಗದ ಬಾಡಿಗೆಯ ಜಗಳದಲ್ಲಿ 1892ರಲ್ಲಿ ಬಿಟ್ಟು ಗುಡಿಸನ್‌ಗೆ ಹೋದರು. 2025ರಲ್ಲಿ ಪುರುಷರ ತಂಡ ಅಲ್ಲಿಂದಲೂ ಹೊರಟು ನದಿ ದಡದ ಹೊಸ ಸ್ಟೇಡಿಯಂ ಸೇರಿತು, ಗುಡಿಸನ್ ಈಗ ಮಹಿಳಾ ತಂಡದ್ದು. ಸುತ್ತಲಿನ ಪಬ್ಬು, ಚಿಪ್ಸ್ ಅಂಗಡಿಗಳು ಮ್ಯಾಚಿನ ದಿನದ ವ್ಯಾಪಾರ ನಂಬಿಕೊಂಡು ಬದುಕಿದವು. ಒಂದರಲ್ಲಿ ಕೂತು ಬಿಸಿ ಚಿಪ್ಸ್ ತಿನ್ನಿ, ಅಷ್ಟರಲ್ಲಿ ಕ್ಯೂ ಕರಗಿರುತ್ತದೆ.