ಗ್ಲಸ್ಟರ್‌ಎಫ್‌ಎಸ್‌ಗೆ ಟೆಸ್ಟ್ ಸ್ಕ್ರಿಪ್ಟ್ ಬರೆದ ನನ್ನ ಅನುಭವ

ಹಲವು ಸರ್ವರ್‌ಗಳ ಸಂಗ್ರಹವನ್ನು ಒಂದಾಗಿ ತೋರಿಸುವ ಫೈಲ್ ಸಿಸ್ಟಂ ಆದ ಗ್ಲಸ್ಟರ್‌ಎಫ್‌ಎಸ್‌ಗೆ ನಾನು ಬರೆದ ಮೊದಲ ಟೆಸ್ಟ್ ಸ್ಕ್ರಿಪ್ಟ್ ಮೊದಲ ಸಲವೇ ಪಾಸಾಯಿತು. ಯಾವ ಡೀಮನ್ನಿನ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮಿನ) ಕೆಲಸವನ್ನು ಪರೀಕ್ಷಿಸಲು ಅದನ್ನು ಬರೆದಿದ್ದೆನೋ, ಆ ಡೀಮನ್ನನ್ನೇ ಆಫ್ ಮಾಡಿ ಓಡಿಸಿದಾಗಲೂ ಅದು ಪಾಸಾಯಿತು. ಕಾರಣ ಹುಡುಕಲು ನನಗೆ ಎರಡು ದಿನ ಹಿಡಿಯಿತು.

ಬೆಂಗಳೂರಿನ ಎಂಜಿನಿಯರುಗಳ ದುಡಿಮೆ ಬಹಳಷ್ಟು ಸೇರಿರುವ ಈ ಫೈಲ್ ಸಿಸ್ಟಂನಲ್ಲಿ ಬೇರೆ ಬೇರೆ ಸರ್ವರ್‌ಗಳ ಡೈರೆಕ್ಟರಿಗಳು, ಅಂದರೆ ಬ್ರಿಕ್‌ಗಳು, ಸೇರಿ ಒಂದು ವಾಲ್ಯೂಮ್ ಆಗುತ್ತವೆ. ಪ್ರತಿ ಫೈಲನ್ನೂ ಎರಡು ಬ್ರಿಕ್‌ಗಳಲ್ಲಿ ಇಡುವ ರೆಪ್ಲಿಕಾ 2 ವಾಲ್ಯೂಮಿನಲ್ಲಿ ಒಂದು ಬ್ರಿಕ್ ಬಿದ್ದಿದ್ದಾಗ ಬರೆದದ್ದನ್ನು, ಅದು ಮತ್ತೆ ಎದ್ದ ಮೇಲೆ ಇನ್ನೊಂದರಿಂದ ನಕಲಿಸುವುದು ಸೆಲ್ಫ್-ಹೀಲ್ ಡೀಮನ್ನಿನ ಕೆಲಸ. ಟೆಸ್ಟ್‌ಗಳು ಬ್ಯಾಶ್‌ನಲ್ಲಿರುತ್ತವೆ, ಪರ್ಲ್ ಭಾಷೆಯ ಜೊತೆ ಬರುವ ಪ್ರೂವ್ ಎಂಬ ಸಾಧನ ಅವನ್ನು ಓಡಿಸುತ್ತದೆ. ಒಂದೇ ಯಂತ್ರದಲ್ಲಿ ಎರಡು ಡೈರೆಕ್ಟರಿಗಳನ್ನೇ ಬ್ರಿಕ್‌ಗಳಾಗಿ ಮಾಡಿಕೊಂಡರೆ ಕೆಲಸ ನಡೆಯುತ್ತದೆ.

ನಾನು ಒಂದು ಬ್ರಿಕ್ಕನ್ನು ಕೊಂದು, ಫೈಲ್ ಬರೆದು, ಬ್ರಿಕ್ಕನ್ನು ಎಬ್ಬಿಸಿ, ಹತ್ತು ಸೆಕೆಂಡ್ ಸ್ಲೀಪ್ ಹಾಕಿ, ಫೈಲ್ ಇದೆಯೇ ಎಂದು ಮೌಂಟ್ (ವಾಲ್ಯೂಮ್ ಒಂದು ಡೈರೆಕ್ಟರಿಯಂತೆ ಕಾಣುವ ಜಾಗ) ಮೂಲಕ ಸ್ಟ್ಯಾಟ್ ಆಜ್ಞೆಯಿಂದ ನೋಡಿ, ಆಮೇಲೆ ಎರಡೂ ಬ್ರಿಕ್‌ಗಳ ಎಂಡಿ5 (ಫೈಲಿನ ಒಳಗಿನದರಿಂದ ಲೆಕ್ಕ ಹಾಕುವ ಗುರುತು) ಹೋಲಿಸಿದ್ದೆ. ತಪ್ಪಿದ್ದದ್ದು ಆ ಸ್ಟ್ಯಾಟ್‌ನಲ್ಲಿ. ನಾನು ಬಳಸುತ್ತಿದ್ದ ಆವೃತ್ತಿಯಲ್ಲಿ, ಪ್ರತಿಗಳು ಹೊಂದದ ಫೈಲನ್ನು ಮೌಂಟಿನಿಂದ ಮುಟ್ಟಿದರೆ ಆ ಮೌಂಟನ್ನು ನಡೆಸುವ ಕ್ಲೈಂಟ್ ಪ್ರೋಗ್ರಾಮೇ ಅದನ್ನು ಸರಿಪಡಿಸಿಬಿಡುತ್ತಿತ್ತು. ಹೀಗಾಗಿ ನನ್ನ ಸ್ಕ್ರಿಪ್ಟ್ ಪರೀಕ್ಷಿಸುವ ನೆಪದಲ್ಲಿ ದುರಸ್ತಿಯನ್ನೂ ಮಾಡಿಸುತ್ತಿತ್ತು. ಡೇಟಾ (ಫೈಲಿನ ಒಳಗಿನದು), ಮೆಟಾಡೇಟಾ (ಅನುಮತಿ, ಒಡೆತನದಂಥ ವಿವರ), ಎಂಟ್ರಿ (ಡೈರೆಕ್ಟರಿಯಲ್ಲಿರುವ ಹೆಸರುಗಳು) ಈ ಮೂರಕ್ಕೂ ಕ್ಲೈಂಟಿನ ಹೀಲ್ ಆಯ್ಕೆಯನ್ನು ಆಫ್ ಮಾಡಿ, ಪರಿಶೀಲನೆಯನ್ನು ನೇರವಾಗಿ ಬ್ರಿಕ್ ಡೈರೆಕ್ಟರಿಗಳಲ್ಲೇ ನಡೆಸಿದ ಮೇಲೆ, ಡೀಮನ್ ಇಲ್ಲದಿದ್ದರೆ ಟೆಸ್ಟ್ ಫೇಲಾಗತೊಡಗಿತು. ಅಷ್ಟೊಂದು ಸಮಾಧಾನ ಕೊಟ್ಟ ಫೇಲ್ ನನಗೆ ಬೇರೊಂದು ನೆನಪಿಲ್ಲ.

ಬ್ರಿಕ್‌ನಲ್ಲಿ ನೋಡಬೇಕಾದದ್ದು ಫೈಲಿನ ವಿಸ್ತೃತ ಗುಣಲಕ್ಷಣಗಳನ್ನು, ಅಂದರೆ ಫೈಲಿಗೆ ಅಂಟಿಸಿದ ಹೆಚ್ಚುವರಿ ಟಿಪ್ಪಣಿಗಳನ್ನು. ಮೊದಲ ಬ್ರಿಕ್ ಬಿದ್ದಿದ್ದರೆ, ಉಳಿದ ಬ್ರಿಕ್‌ನ ಫೈಲಿನ ಮೇಲೆ ಅವನ್ನು ತೋರಿಸುವ ಗೆಟ್‌ಎಫ್‌ಆಟ್ಟರ್ ಆಜ್ಞೆ ಓಡಿಸಿದಾಗ 'ಟ್ರಸ್ಟೆಡ್.ಎಎಫ್‌ಆರ್' ಎಂದು ಶುರುವಾಗಿ 'ಕ್ಲೈಂಟ್-0' ಎಂದು ಮುಗಿಯುವ ಹೆಸರಿನಲ್ಲಿ 24 ಹೆಕ್ಸ್ ಅಂಕೆಗಳು ಕಾಣುತ್ತವೆ. ಮೊದಲ ಎಂಟು ಬಾಕಿ ಇರುವ ಡೇಟಾಕ್ಕೆ, ನಡುವಿನ ಎಂಟು ಮೆಟಾಡೇಟಾಕ್ಕೆ, ಕೊನೆಯ ಎಂಟು ಎಂಟ್ರಿಗೆ. ಬ್ರಿಕ್ ಬಿದ್ದಿದ್ದಾಗ ಬರೀ ಸಿಎಚ್‌ಮಾಡ್‌ನಿಂದ ಫೈಲಿನ ಅನುಮತಿ ಬದಲಿಸಿದರೆ ನಡುವಿನ ಎಂಟರಲ್ಲಿ ಮಾತ್ರ ಸೊನ್ನೆಯಲ್ಲದ ಸಂಖ್ಯೆ ಬರುತ್ತದೆ. ಹೀಲ್ ಆಗುವ ಮೊದಲು ಈ ಗುರುತು ಬಿದ್ದಿದೆ ಎಂದು ಖಾತ್ರಿಪಡಿಸಿಕೊಳ್ಳದ ಟೆಸ್ಟನ್ನು ನಾನು ಈಗ ಒಪ್ಪುವುದಿಲ್ಲ, ಏಕೆಂದರೆ ಗುರುತೇ ಬೀಳದಿದ್ದರೆ ಆಮೇಲೆ ಸೊನ್ನೆ ಕಂಡದ್ದಕ್ಕೆ ಅರ್ಥವಿರುವುದಿಲ್ಲ. ಎಲ್ಲವೂ ಸೊನ್ನೆಯಾದ ಮೇಲೂ ಎಂಡಿ5 ಹೋಲಿಕೆಯನ್ನು ಬಿಡುವುದಿಲ್ಲ.

ಇನ್ನು ಸ್ಲೀಪ್. ನನ್ನ ಲ್ಯಾಪ್‌ಟಾಪಿನಲ್ಲಿ ಹತ್ತು ಸೆಕೆಂಡ್ ಸಾಕಾಗುತ್ತಿತ್ತು, ಕೆಲಸದ ಹೊರೆಯಿದ್ದ ಬಿಲ್ಡ್ ಯಂತ್ರದಲ್ಲಿ ಆಗೊಮ್ಮೆ ಈಗೊಮ್ಮೆ ಸಾಲುತ್ತಿರಲಿಲ್ಲ. ಇದಕ್ಕೆಂದೇ ಇರುವ 'ಎಕ್ಸ್‌ಪೆಕ್ಟ್ ವಿದಿನ್' ಮ್ಯಾಕ್ರೋ, ಬೇಕಾದ ಉತ್ತರ ಬಂದ ಕೂಡಲೇ ಮುಂದಕ್ಕೆ ಹೋಗುತ್ತದೆ, ಗಡುವು ಮೀರಿದರೆ ಮಾತ್ರ ಫೇಲ್ ಎನ್ನುತ್ತದೆ. ಆದರೆ ಯಾವುದಕ್ಕಾಗಿ ಕಾಯಬೇಕೆಂದು ಸರಿಯಾಗಿ ಹೇಳಬೇಕು. ಬ್ರಿಕ್ ಪ್ರಾಸೆಸ್ ಎದ್ದರೆ ಸಾಲದು. ಮೌಂಟಿನ ಕ್ಲೈಂಟ್ ಅದಕ್ಕೆ ಮತ್ತೆ ಜೋಡಣೆಯಾಗಿರಬೇಕು, ಸೆಲ್ಫ್-ಹೀಲ್ ಡೀಮನ್ ಕೂಡ ಪ್ರತ್ಯೇಕವಾಗಿ ಜೋಡಣೆಯಾಗಿರಬೇಕು. ನಾನು ಮೂರನೆಯದನ್ನು ಬಿಟ್ಟಿದ್ದರಿಂದ ದುರಸ್ತಿ ಶುರುಮಾಡಲು ಡೀಮನ್ನಿಗೆ ಹೇಳುವ ಹೀಲ್ ಆಜ್ಞೆ ಕೆಲವೊಮ್ಮೆ ಜೋಡಣೆಗೆ ಮುಂಚೆಯೇ ಹೋಗಿ ವ್ಯರ್ಥವಾಗುತ್ತಿತ್ತು. ಅದನ್ನು ಸೇರಿಸಿ, ಯಂತ್ರದ ಮೇಲೆ ಬೇರೆ ಕೆಲಸದ ಭಾರ ಹಾಕಿ, ಸ್ಕ್ರಿಪ್ಟನ್ನು ರಾತ್ರಿಯಿಡೀ ಲೂಪಿನಲ್ಲಿ ಓಡಲು ಬಿಟ್ಟೆ. ಬೆಳಿಗ್ಗೆ ನೋಡಿದಾಗ ಒಂದೂ ಫೇಲ್ ಇರಲಿಲ್ಲ.

ಸ್ಕ್ರಿಪ್ಟಿನ ಮೊದಲಲ್ಲೂ ಕೊನೆಯಲ್ಲೂ ಕ್ಲೀನಪ್ ಕರೆಯಬೇಕು, ಇಲ್ಲವಾದರೆ ಹಿಂದಿನ ಟೆಸ್ಟಿನ ಉಳಿಕೆ ಮುಂದಿನದನ್ನು ಕೆಡಿಸುತ್ತದೆ. ಈ ಕ್ಲೀನಪ್ ರೂಟ್ ಅಧಿಕಾರದಲ್ಲಿ ಓಡಿ, ಯಂತ್ರದಲ್ಲಿರುವ ಗ್ಲಸ್ಟರ್ ಪ್ರಾಸೆಸ್‌ಗಳನ್ನು ಕೊಂದು ಸಂರಚನೆಯನ್ನೂ ಅಳಿಸುತ್ತದೆ. ನಿಜವಾದ ವಾಲ್ಯೂಮ್ ಇರುವ ಸರ್ವರಿನಲ್ಲಿ ಇದನ್ನು ಎಂದೂ ಓಡಿಸಬೇಡಿ. ಟೆಸ್ಟಿಗೆಂದೇ ಒಂದು ವರ್ಚುವಲ್ ಮೆಷಿನ್ ಇಟ್ಟುಕೊಳ್ಳಿ.